ದೊಡ್ಡ ಯಜಮಾನ್ರು, ಸಣ್ಣ ಯಜಮಾನ್ರು

ಸೈಕಲ್ಲು ಬೀದಿಗೆ ಬಂದರೆ ಜನ ಕೆಲಸ ಬಿಟ್ಟು ನೋಡುತ್ತಿದ್ದ ಕಾಲದ ಬೆಳಗಾವಿ. ಒಂದು ಸೈಕಲ್ಲಿಗೆ 700ರಿಂದ 1000 ರೂಪಾಯಿ. ಅಷ್ಟು ಹಣ ಎಣಿಸಿ ಕೊಂಡವರಿಗೂ ಅದರ ಮೇಲೆ ಕೂತು ಬೀಳದೆ ಸಾಗುವ ವಿದ್ಯೆ ಗೊತ್ತಿರಲಿಲ್ಲ. ಕಲಿಸಿಕೊಡುವುದಕ್ಕೆ ಅಂಗಡಿಯವರು ಬೇರೆಯಾಗಿ 15 ರೂಪಾಯಿ ತೆಗೆದುಕೊಳ್ಳುತ್ತಿದ್ದರು. ಬೆಳಗಾವಿಯಲ್ಲಿ ಮಾರುತ್ತಿದ್ದವರು, ಕಲಿಸುತ್ತಿದ್ದವರು ಅಣ್ಣ, ರಾಮುಅಣ್ಣ ಕಿರ್ಲೋಸ್ಕರ್. ಮುಂಬೈಯಲ್ಲಿ ಕೊಂಡು ಕಳಿಸುತ್ತಿದ್ದವರು ತಮ್ಮ, ಲಕ್ಷ್ಮಣರಾವ್ ಕಿರ್ಲೋಸ್ಕರ್. ಅಲ್ಲಿನ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಮೇಷ್ಟ್ರು. ಅಂಗಡಿಯ ಹೆಸರು ಕಿರ್ಲೋಸ್ಕರ್ ಬ್ರದರ್ಸ್. ತಮ್ಮ ಉದ್ಯಮದ ಹುಟ್ಟನ್ನು ಆ ಮನೆತನದವರು 1888ರಿಂದ ಎಣಿಸುತ್ತಾರೆ.

ಹರಿಹರದ ಇತಿಹಾಸ ಹೇಳುವ ಲೇಖನ ಬೆಳಗಾವಿಯಲ್ಲಿ ಯಾಕೆ ಶುರುವಾಗುತ್ತದೆ ಎಂದು ಕಾರ್ಖಾನೆಯ ಊರಾದ ಯಂತ್ರಾಪುರದ ಹಿರಿಯರನ್ನು ಕೇಳಬೇಕಾಗಿಲ್ಲ. 1941ರಲ್ಲಿ ತುಂಗಭದ್ರೆಯ ಈ ದಡಕ್ಕೆ ಬಂದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಬೇರು ಆ ಸೈಕಲ್ ಅಂಗಡಿಯಲ್ಲಿದೆ. ಬಂಡವಾಳ, ಯಂತ್ರ, ಎಂಜಿನಿಯರುಗಳ ಜೊತೆಗೆ ಒಂದು ಮನೆಯ ರೂಢಿಯೂ ಆ ಬೇರಿನಲ್ಲಿತ್ತು: ಮೇಲಿನ ಕುರ್ಚಿಯ ಕೆಲಸವನ್ನು ಇಬ್ಬರು ಹಂಚಿಕೊಂಡು ಮಾಡುವುದು. ಇಂಥದ್ದಕ್ಕೆ ಈಗಿನ ಆಡಳಿತ ಶಾಸ್ತ್ರದವರು ‘ಕೋ-ಸಿಇಒ’ ಎಂದು ಹೆಸರಿಟ್ಟು ಹೊಸ ಸಂಶೋಧನೆಯಂತೆ ಚರ್ಚಿಸುತ್ತಾರೆ. ಹರಿಹರದ ಪಕ್ಕದ ದಾವಣಗೆರೆಯ ಮಂಡಿಪೇಟೆಯವರಿಗೆ ಇದನ್ನು ಹೇಳಿದರೆ ನಕ್ಕಾರು.

ಯಾಕೆಂದರೆ ಇಲ್ಲಿ ಅದಕ್ಕೆ ಮಾತು ಮೊದಲೇ ಇದೆ. ದೊಡ್ಡ ಯಜಮಾನ್ರು, ಸಣ್ಣ ಯಜಮಾನ್ರು. ದೊಡ್ಡ ಸಾವ್ಕಾರ್ರು, ಸಣ್ಣ ಸಾವ್ಕಾರ್ರು. ದಲ್ಲಾಲಿ ಅಂಗಡಿಯ ಬೋರ್ಡುಗಳಲ್ಲಿ ‘ಬ್ರದರ್ಸ್’, ‘ಅಂಡ್ ಸನ್ಸ್’, ‘ಅಂಡ್ ಕೋ’ ಎಂಬ ಬಾಲಗಳು ಹತ್ತಿಯ ಕಾಲದಿಂದ ಮೆಕ್ಕೆಜೋಳದ ಕಾಲದವರೆಗೂ ನಡೆದು ಬಂದಿವೆ. ಅಣ್ಣ ಗಲ್ಲಾದ ಮುಂದೆ, ತಮ್ಮ ಯಾರ್ಡಿನಲ್ಲಿ. ಒಬ್ಬರು ರೈತನ ಮುಖ ನೋಡಿ ಮಾತಾಡುವವರು, ಇನ್ನೊಬ್ಬರು ಮಾಲಿನ ಮುಖ ನೋಡಿ ದರ ಹೇಳುವವರು. ಗುಮಾಸ್ತನಿಗೆ ಯಾವ ಮಾತನ್ನು ಯಾರ ಹತ್ತಿರ ಒಯ್ಯಬೇಕು ಎಂಬುದು ಮೊದಲ ವಾರದಲ್ಲೇ ತಿಳಿದುಬಿಡುತ್ತದೆ. ಸಾಲ ಕೇಳುವುದು ಒಬ್ಬರ ಹತ್ತಿರ, ರಜೆ ಕೇಳುವುದು ಇನ್ನೊಬ್ಬರ ಹತ್ತಿರ.

ಕಾನೂನು ಕೂಡ ಇದನ್ನು ಹಳೆಯ ಸಂಗತಿಯಾಗಿಯೇ ಕಂಡಿದೆ. 1932ರ ಭಾರತೀಯ ಪಾಲುದಾರಿಕೆ ಕಾಯ್ದೆಯನ್ನು ಬಿಡಿಸಿ ನೋಡಿದರೆ ಅಲ್ಲಿ ಮುಖ್ಯಸ್ಥ ಎಂಬ ಹುದ್ದೆಯೇ ಇಲ್ಲ. ಪ್ರತಿಯೊಬ್ಬ ಪಾಲುದಾರನೂ ಇಡೀ ಸಂಸ್ಥೆಯ ಪರವಾಗಿ ಮಾತು ಕೊಡಬಲ್ಲ. ಹಾಗೆ ಕೊಟ್ಟ ಮಾತಿಗೆ ಎಲ್ಲರೂ ಜಂಟಿಯಾಗಿಯೂ ಪ್ರತ್ಯೇಕವಾಗಿಯೂ ಹೊಣೆ. ತಮ್ಮ ಮಾಡಿದ ಸಾಲಕ್ಕೆ ಅಣ್ಣನ ಮನೆಯೂ ಜಾಮೀನು. ಈ ಒಂದು ಕಲಮು ಇರುವುದರಿಂದಲೇ ಪಾಲುದಾರರು ಪರಸ್ಪರ ಕಣ್ಣಿಟ್ಟಿರುತ್ತಾರೆ, ಮಾತು ಬಿಡುವಂತೆಯೂ ಇರುವುದಿಲ್ಲ. ಸಂಬಳಕ್ಕೆ ಬಂದ ಇಬ್ಬರು ಸಿಇಒಗಳ ನಡುವೆ ಇಂಥ ದಾರ ಇರುವುದಿಲ್ಲ ಎಂಬುದನ್ನು ಮುಂದೆ ನೋಡಲಿದ್ದೇವೆ.

ಈಗ ಮತ್ತೆ ಕಿರ್ಲೋಸ್ಕರ್ ಸೋದರರ ಕಡೆಗೆ. ಲಕ್ಷ್ಮಣರಾವ್ ಹುಟ್ಟಿದ್ದು 1869ರ ಜೂನ್ 20ರಂದು, ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ. ಚಿತ್ರಕಲೆ ಕಲಿಯಲು ಮುಂಬೈಯ ಜೆ.ಜೆ. ಕಲಾಶಾಲೆಗೆ ಹೋದ ಹುಡುಗನಿಗೆ ಬಣ್ಣಗಳ ನಡುವಿನ ವ್ಯತ್ಯಾಸ ಸರಿಯಾಗಿ ಕಾಣುವುದಿಲ್ಲ ಎಂದು ಗೊತ್ತಾಯಿತು. ಬಣ್ಣ ಬೇಡದ ಚಿತ್ರ ಯಾವುದು? ಯಂತ್ರದ ನಕ್ಷೆ. ಅಲ್ಲಿಂದ ಮೆಕ್ಯಾನಿಕಲ್ ಡ್ರಾಯಿಂಗ್, ಅಲ್ಲಿಂದ ಮೇಷ್ಟ್ರಗಿರಿ. ಬರಬೇಕಾದ ಬಡ್ತಿ ಒಬ್ಬ ಆಂಗ್ಲೋ ಇಂಡಿಯನ್ನರಿಗೆ ಹೋದಾಗ ಕೆಲಸ ಬಿಟ್ಟು ಬೆಳಗಾವಿಗೆ, ಅಣ್ಣನ ಜೊತೆಗೆ ಬಂದರು. ಸೈಕಲ್ಲಿನ ಜೊತೆಗೆ ಗಾಳಿಯಂತ್ರಗಳ ಏಜೆನ್ಸಿ, ಆಮೇಲೆ ತಾವೇ ಮಾಡಿದ ಮೇವು ಕತ್ತರಿಸುವ ಯಂತ್ರ, ಆಮೇಲೆ ಕಬ್ಬಿಣದ ನೇಗಿಲು.

ನೇಗಿಲಿನ ಕಥೆ ಸ್ವಾರಸ್ಯದ್ದು. ಕಬ್ಬಿಣ ತಾಗಿದರೆ ಮಣ್ಣಿಗೆ ವಿಷವಾಗುತ್ತದೆ ಎಂದು ರೈತರು ನಂಬಿದ್ದರು. ಮೊದಲು ಮಾಡಿದ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತು. ಒಬ್ಬನೇ ಯಜಮಾನನಾಗಿದ್ದರೆ ಆ ಎರಡು ವರ್ಷದಲ್ಲಿ ಕುಲುಮೆ ಆರುತ್ತಿತ್ತೋ ಏನೋ. ಮಾಡುವವನಿಗೆ ತನ್ನ ವಸ್ತುವಿನ ಮೇಲೆ ಹುಚ್ಚು ಮೋಹ ಇರಬೇಕು. ಅಂಗಡಿಯ ಬಾಗಿಲು ತೆರೆದಿಡುವವನಿಗೆ ಆ ಮೋಹ ಇರಬಾರದು. ಎರಡೂ ಒಂದೇ ತಲೆಯಲ್ಲಿ ಸೇರುವುದು ಅಪರೂಪ.

ಹೊಸ ಬಡಾವಣೆಗಾಗಿ ಬೆಳಗಾವಿಯ ಪುರಸಭೆ ಜಾಗ ಖಾಲಿ ಮಾಡಿಸಿದಾಗ ಕೈ ಹಿಡಿದವರು ಔಂಧ್ ಸಂಸ್ಥಾನದ ಬಾಳಾಸಾಹೇಬ ಪಂತ ಪ್ರತಿನಿಧಿ. ಕುಂಡಲ್ ರೋಡ್ ರೈಲು ನಿಲ್ದಾಣದ ಪಕ್ಕ 32 ಎಕರೆ ಪಾಪಾಸುಕಳ್ಳಿಯ ಬಂಜರು, ಮೇಲೆ 10,000 ರೂಪಾಯಿ ಸಾಲ. 1910ರಲ್ಲಿ ಅಲ್ಲಿಗೆ ಹೋಗಿ ಕಟ್ಟಿದ ಊರೇ ಕಿರ್ಲೋಸ್ಕರ್‌ವಾಡಿ. ಇಲ್ಲಿ ಕೆಲಸದ ಹಂಚಿಕೆ ಇನ್ನೂ ಸ್ಪಷ್ಟವಾಯಿತು. ಯಂತ್ರ, ಕುಲುಮೆ, ಹೊಸ ಉತ್ಪನ್ನ ಎಲ್ಲ ಲಕ್ಷ್ಮಣರಾವ್ ಕಡೆಗೆ. ಊರಿನ ಯೋಜನೆ ಮತ್ತು ಆಡಳಿತ ರಾಮುಅಣ್ಣನ ಕಡೆಗೆ. ಲೆಕ್ಕಕ್ಕೆ ಮಂಗೇಶರಾವ್ ರೇಗೆ, ಎಂಜಿನಿಯರಿಂಗ್‌ಗೆ ಶಂಭೋರಾವ್ ಜಾಂಭೇಕರ್ ಮತ್ತು ಶಾಲೆ ಅರ್ಧಕ್ಕೆ ಬಿಟ್ಟ ಅನಂತರಾವ್ ಫಳಣೀಕರ್, ಎಲ್ಲದಕ್ಕೂ ಓಡಾಡುವವರಾಗಿ ಕೆ.ಕೆ. ಕುಲಕರ್ಣಿ. ರಾತ್ರಿ ಕಾವಲಿಗೆ ಜೈಲಿನಿಂದ ಬಿಡುಗಡೆಯಾಗಿ ಬಂದವರನ್ನೇ ನೇಮಿಸಿದ್ದರು.

ಗಡಿನಾಡಿನ ಮರಾಠಿಯಲ್ಲೂ ಅಣ್ಣ ಅಣ್ಣನೇ. ಆ ಎರಡಕ್ಷರದ ಮಾತನ್ನು ಈ ಕಥೆಯಲ್ಲಿ ಹಗುರವಾಗಿ ಕಾಣುವಂತಿಲ್ಲ. ವಯಸ್ಸಿನಲ್ಲಿ ಹಿರಿಯರು ಒಬ್ಬರು, ಹೆಸರಿನಲ್ಲಿ ಮುಂದೆ ಬಂದವರು ಇನ್ನೊಬ್ಬರು. ಇಂದು ಲಕ್ಷ್ಮಣರಾವ್ ಅವರನ್ನು ಸಂಸ್ಥಾಪಕರೆಂದು ದೇಶವೇ ಬಲ್ಲದು. ರಾಮುಅಣ್ಣನ ಹೆಸರು ತಮ್ಮನ ಜೀವನ ಚರಿತ್ರೆಯ ಅಧ್ಯಾಯಗಳೊಳಗೆ ಉಳಿದಿದೆ. ಇಬ್ಬರು ನಡೆಸಿದ ಸಂಸ್ಥೆಯಲ್ಲಿ ಇತಿಹಾಸ ಒಬ್ಬರನ್ನೇ ಆರಿಸಿಕೊಳ್ಳುವುದು ಬಲು ಸಾಮಾನ್ಯ. ಹಾಗಾಗುತ್ತದೆಂದು ಗೊತ್ತಿದ್ದೂ ಜೊತೆಗಿರಬಲ್ಲ ಎರಡನೆಯವರು ಸಿಕ್ಕರೆ ಮಾತ್ರ ಇಂಥ ವ್ಯವಸ್ಥೆ ಬಾಳುತ್ತದೆ. ನೆನಪಿಡಬೇಕಾದ ಇನ್ನೊಂದು ಸಂಗತಿ, ಬೋರ್ಡಿನ ಮೇಲೆ ‘ಲಕ್ಷ್ಮಣರಾವ್ ಅಂಡ್ ಕಂಪನಿ’ ಎಂದು ಯಾವತ್ತೂ ಬರಲಿಲ್ಲ. 1920ರಲ್ಲಿ ಅಂಗಡಿ ಲಿಮಿಟೆಡ್ ಕಂಪನಿಯಾದಾಗಲೂ ‘ಬ್ರದರ್ಸ್’ ಹಾಗೇ ಉಳಿಯಿತು. ಇವತ್ತಿಗೂ ಪಂಪು ಮಾಡುವ ಆ ಕಂಪನಿಯ ಹೆಸರು ಅದೇ.

ಎರಡನೆಯ ಮಹಾಯುದ್ಧ ಶುರುವಾದ ಮೇಲೆ ಹೊರದೇಶದಿಂದ ಲೇತ್ ತರಿಸುವುದು ಕಷ್ಟವಾಯಿತು. ಲೇತ್ ಇಲ್ಲದೆ ಬೇರೆ ಯಂತ್ರಗಳಿಲ್ಲ, ಅದು ಯಂತ್ರಗಳ ತಾಯಿ. ಅತ್ತ ಮೈಸೂರು ಸಂಸ್ಥಾನ ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಕಾಲದಲ್ಲಿ ಉದ್ಯಮಗಳನ್ನು ಕರೆಕರೆದು ಕೂರಿಸುತ್ತಿತ್ತು. ಹರಿಹರ ಸಂಸ್ಥಾನದ ಕೊನೆಯ ಊರು. ಹೊಳೆ ದಾಟಿದರೆ ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲೆ. 1880ರ ದಶಕದ ಕೊನೆಯ ಹೊತ್ತಿಗೇ ಬೆಂಗಳೂರಿನಿಂದ ಬಂದ ಹಳಿ ಇಲ್ಲಿ ಮುಟ್ಟಿತ್ತು. ಪುಣೆ ಬೆಂಗಳೂರು ರಸ್ತೆ, ನಾವು ಈಗಲೂ ‘ಹಳೇ ಪಿ.ಬಿ. ರಸ್ತೆ’ ಎನ್ನುವುದು, ಊರನ್ನು ಹಾದೇ ಹೋಗುತ್ತಿತ್ತು. ನೀರಿಗೆ ತುಂಗಭದ್ರೆ. ಹೀಗೆ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ನೆಲೆಯೂರಿತು, ಅದರ ಸುತ್ತ ಯಂತ್ರಾಪುರ ಎಂಬ ಊರು ಬೆಳೆಯಿತು. ಹೆಸರಿನಲ್ಲೂ ಎರಡು: ಮೊದಲು ನೆಲದ್ದು, ಆಮೇಲೆ ಮನೆತನದ್ದು. (ಹೆಸರಿನ ವಿಷಯದಲ್ಲಿ ಈ ಹೊಳೆಯ ದಡದ ತಮಾಷೆ ಅಲ್ಲಿಗೇ ಮುಗಿಯುವುದಿಲ್ಲ. 1970ರ ದಶಕದಲ್ಲಿ ಎದುರು ದಡದ ಕುಮಾರಪಟ್ಟಣದಲ್ಲಿ ಬಂದ ಕಾರ್ಖಾನೆ ಹರಿಹರ ಪಾಲಿಫೈಬರ್ಸ್ ಎಂಬ ಹೆಸರು ಹೊತ್ತಿದೆ. ಅದು ನಿಂತಿರುವುದು ರಾಣೆಬೆನ್ನೂರು ತಾಲ್ಲೂಕಿನಲ್ಲಿ.)

ಹರಿಹರದ ಬಗ್ಗೆ ಬರೆಯುವವರೆಲ್ಲ ದೇವಸ್ಥಾನದಿಂದ ಆರಂಭಿಸುತ್ತಾರೆ. ಈ ಲೇಖನ ಅದನ್ನು ಇಲ್ಲಿಯವರೆಗೆ ತಡೆದಿತ್ತು, ಇನ್ನು ಆಗದು. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ ಗುಡಿಯಲ್ಲಿ ನಿಂತಿರುವ ದೇವರೇ ಇಬ್ಬರ ಒಡೆತನದ ಮೂರ್ತಿ. ಹರಿಯಿಂದಲೂ ಹರನಿಂದಲೂ ಸಾವು ಬರಬಾರದೆಂದು ವರ ಪಡೆದ ಗುಹಾಸುರನನ್ನು ಕೊಲ್ಲಲು ಇಬ್ಬರೂ ಒಂದೇ ಮೈಯಾಗಿ ಬಂದರು ಎಂಬುದು ಸ್ಥಳಪುರಾಣ. ಕಲ್ಲುಕುಟಿಗನ ಜಾಣ್ಮೆ ಎಲ್ಲಿದೆ ಎಂದರೆ, ಅವನು ಇಬ್ಬರನ್ನು ಕಲಸಿ ಮೂರನೆಯವನೊಬ್ಬನನ್ನು ಮಾಡಲಿಲ್ಲ. ಬಲಗಡೆ ಶಿವ, ಎಡಗಡೆ ವಿಷ್ಣು. ಯಾವ ಕೈಯಲ್ಲಿ ಯಾರ ಆಯುಧ ಎಂಬುದು ದೀಪ ಎತ್ತಿ ಹಿಡಿದ ಕೂಡಲೇ ಗೊತ್ತಾಗುತ್ತದೆ. ಗುಡಿಯ ಹಿಂದೆ ಹರಿಯುವ ಹೊಳೆಯದು ಬೇರೆ ಬಗೆ. ತುಂಗೆ ಮತ್ತು ಭದ್ರೆ ಕೂಡ್ಲಿಯಲ್ಲೇ ಸೇರಿ ಬಂದಿರುತ್ತವೆ. ಹರಿಹರದ ಸೋಪಾನದಲ್ಲಿ ಬೊಗಸೆ ತುಂಬಿದ ನೀರಿನಲ್ಲಿ ತುಂಗೆಯದು ಎಷ್ಟು, ಭದ್ರೆಯದು ಎಷ್ಟು ಎಂದು ಹೇಳುವವರಿಲ್ಲ. ಇಬ್ಬರು ಸೇರಿ ಸಂಸ್ಥೆ ನಡೆಸುವಾಗಲೂ ಈ ಎರಡು ಬಗೆಗಳು ಕಾಣಸಿಗುತ್ತವೆ. ಕಿರ್ಲೋಸ್ಕರ್ ಸೋದರರದು ಮೂರ್ತಿಯ ಬಗೆ. ಹೊಳೆಯ ಬಗೆಯವು ನೋಡಲು ಚೆನ್ನ, ಆದರೆ ತಪ್ಪಾದ ದಿನ ಯಾರನ್ನು ಕೇಳಬೇಕು ಎಂಬುದೇ ತಿಳಿಯುವುದಿಲ್ಲ.

ಯಂತ್ರಾಪುರದಲ್ಲಿ ಕೆಲಸ ಕಲಿತವರಿಗೆ ಇದಕ್ಕಿಂತ ಹತ್ತಿರದ ಹೋಲಿಕೆ ಲೇತಿನಲ್ಲೇ ಇದೆ. ಉದ್ದದ ಶಾಫ್ಟನ್ನು ತಿರುವುವಾಗ ಅದನ್ನು ಎರಡು ಮೊನೆಗಳ ನಡುವೆ ಹಿಡಿಯುತ್ತಾರೆ. ಎಡಕ್ಕೆ ಹೆಡ್‌ಸ್ಟಾಕ್, ಮೋಟಾರಿನ ಬಲ ಬರುವುದು ಅಲ್ಲಿಂದ. ಬಲಕ್ಕೆ ಟೇಲ್‌ಸ್ಟಾಕ್, ಅದು ತಿರುಗಿಸುವುದಿಲ್ಲ, ಆದರೆ ಅದು ಹಿಡಿದಿರದಿದ್ದರೆ ಶಾಫ್ಟು ಅಲುಗಿ ಕೆಲಸ ಕೆಡುತ್ತದೆ. ಎರಡೂ ಕೂತಿರುವುದು ಒಂದೇ ಬೆಡ್ಡಿನ ಮೇಲೆ. ಟೇಲ್‌ಸ್ಟಾಕ್ ಹತ್ತನೇ ಒಂದು ಮಿಲಿಮೀಟರಿನಷ್ಟು ಪಕ್ಕಕ್ಕೆ ಸರಿದಿದ್ದರೆ ಸಾಕು, ಶಾಫ್ಟಿನ ಎರಡು ತುದಿಗಳ ವ್ಯಾಸದಲ್ಲಿ ಅದರ ಎರಡು ಪಟ್ಟು ವ್ಯತ್ಯಾಸ ಬರುತ್ತದೆ. ಇದನ್ನು ‘ಟೇಪರ್ ಬಂತು’ ಎನ್ನುತ್ತಾರೆ. ಬರಿಗಣ್ಣಿಗೆ ಕಾಣದು; ಬೇರಿಂಗ್ ಕೂರಿಸುವಾಗ ಗೊತ್ತಾಗುತ್ತದೆ.

ಇಬ್ಬರ ರೂಢಿ ಮುಂದಿನ ತಲೆಮಾರಿಗೆ ಬಂದಾಗ ಏನಾಯಿತು? ಇಲ್ಲಿ ಕಿರ್ಲೋಸ್ಕರ್ ಮನೆ ಮಾಡಿದ ಆಯ್ಕೆಯನ್ನು ಗಮನಿಸಬೇಕು. ಲಕ್ಷ್ಮಣರಾವ್ ಅವರಿಗೆ ಮಕ್ಕಳು ಹಲವರು. ಹಿರಿಯ ಮಗ ಶಂತನುರಾವ್ ಅಮೆರಿಕದ ಎಂಐಟಿಯಲ್ಲಿ ಓದಿ 1926ರಲ್ಲಿ ಪದವಿ ಪಡೆದು ಬಂದವರು. ಒಂದೇ ಕುರ್ಚಿಯಲ್ಲಿ ಮೂರು ನಾಲ್ಕು ಮಂದಿಯನ್ನು ಕೂರಿಸುವ ಬದಲು ಆ ಮನೆ ಹೊಸ ಕುರ್ಚಿಗಳನ್ನು ಮಾಡಿಸಿತು. 1941ರಲ್ಲಿ ಹರಿಹರ. 1946ರಲ್ಲಿ ಪುಣೆಯ ಖಡ್ಕಿಯಲ್ಲಿ ಆಯಿಲ್ ಎಂಜಿನ್ ಕಾರ್ಖಾನೆ, ಶಂತನುರಾವ್ ಅವರದು. ಅದೇ ವರ್ಷ ಬೆಂಗಳೂರಿನಲ್ಲಿ ಕಿರ್ಲೋಸ್ಕರ್ ಎಲೆಕ್ಟ್ರಿಕ್, ಅವರ ತಮ್ಮ ರವಿ ಕಿರ್ಲೋಸ್ಕರ್ ಅವರದು. ಲೇತ್ ಒಂದೂರು, ಎಂಜಿನ್ ಒಂದೂರು, ಮೋಟಾರು ಒಂದೂರು. ಹೆಸರು ಒಂದೇ, ಬೀಗದ ಕೈ ಬೇರೆ ಬೇರೆ.

ದಾವಣಗೆರೆಯವರು ಇದರ ಸಣ್ಣ ಆವೃತ್ತಿಯನ್ನು ನಾಲಗೆಯಿಂದಲೇ ಬಲ್ಲರು. 1928ರ ಸುಮಾರಿಗೆ ಸವಳಗಿಯಿಂದ ಮಕ್ಕಳ ಸಮೇತ ಬಂದ ಚೆನ್ನಮ್ಮ ಎಂಬುವರು ದೋಸೆ ಹುಯ್ಯಲು ಶುರುಮಾಡಿದರು, ಅಲ್ಲಿಂದಲೇ ಬೆಣ್ಣೆದೋಸೆ ಬಂತು ಎಂದು ಊರಿನವರು ಹೇಳುತ್ತಾರೆ. ಮಕ್ಕಳಾದ ಶಾಂತಪ್ಪ ಮತ್ತು ಮಹಾದೇವಪ್ಪ ಒಂದೇ ಕಾವಲಿಯ ಮುಂದೆ ನಿಲ್ಲಲಿಲ್ಲ. ಒಬ್ಬರದು ಗಡಿಯಾರ ಕಂಬದ ಕಡೆ, ಇನ್ನೊಬ್ಬರದು ವಸಂತ ಟಾಕೀಸಿನ ಕಡೆ. ಯಾವ ದೋಸೆ ಹೆಚ್ಚು ಗರಿ ಎಂಬ ವಾದಕ್ಕೆ ಈ ಲೇಖಕ ಇಳಿಯುವುದಿಲ್ಲ. ಎರಡು ಕಾವಲಿ ಆದದ್ದರಿಂದ ಊರಿಗೆ ನಷ್ಟವಾಗಲಿಲ್ಲ ಎಂಬುದಷ್ಟು ಸತ್ಯ.

ದಾವಣಗೆರೆಯ ಹತ್ತಿ ಗಿರಣಿಗಳ ಕಾಲದಲ್ಲಿ ಮೇಲಿನ ಆಡಳಿತ ಇನ್ನೊಂದು ರೂಪದಲ್ಲಿ ಹಂಚಿಹೋಗಿತ್ತು. ದೇಶದ ಆಗಿನ ಪದ್ಧತಿಯಂತೆ ಕಂಪನಿಗೆ ಒಂದು ನಿರ್ದೇಶಕ ಮಂಡಳಿ, ಅದನ್ನು ನಡೆಸಲು ಇನ್ನೊಂದು ಮ್ಯಾನೇಜಿಂಗ್ ಏಜೆನ್ಸಿ ಸಂಸ್ಥೆ. ಕಾಗದದ ಮೇಲೆ ಇಬ್ಬರು, ಒಳಗೆ ಹೆಚ್ಚಾಗಿ ಅದೇ ಮನೆಯವರು. 1970ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಆ ಪದ್ಧತಿಯನ್ನೇ ತೆಗೆದುಹಾಕಿತು. ಗಿರಣಿಗಳೂ ಒಂದೊಂದಾಗಿ ನಿಂತವು. ದಾವಣಗೆರೆ ಕಾಟನ್ ಮಿಲ್ಲಿನ ಹೆಸರು ಈಗ ಡಿಸಿಎಂ ಟೌನ್‌ಶಿಪ್ ಎಂಬ ವಿಳಾಸದಲ್ಲಿ ಉಳಿದಿದೆ.

ಹತ್ತಿಯ ಊರು ವಿದ್ಯೆಯ ಊರಾದಾಗ ಜೋಡಿ ಆಡಳಿತ ಬೇರೆ ವೇಷದಲ್ಲಿ ಮರಳಿ ಬಂತು. 1958ರಲ್ಲಿ ಹುಟ್ಟಿದ ಬಾಪೂಜಿ ವಿದ್ಯಾಸಂಸ್ಥೆ 1965ರಲ್ಲಿ ಜೆಜೆಎಂ ವೈದ್ಯಕೀಯ ಕಾಲೇಜು, 1979ರಲ್ಲಿ ಎಂಜಿನಿಯರಿಂಗ್ ಕಾಲೇಜು ತೆರೆಯಿತು. ಅದರ ಹೆಸರಿನೊಂದಿಗೆ ಬೆಸೆದುಕೊಂಡ ಶಾಮನೂರು ಶಿವಶಂಕರಪ್ಪನವರು ದಶಕಗಳ ಕಾಲ ಅಲ್ಲಿ ಹೊತ್ತ ಹುದ್ದೆ ಯಾವುದೆಂದು ಕೇಳಿದರೆ ಹೊರಗಿನವರು ಅಧ್ಯಕ್ಷರೆಂದು ಊಹಿಸುತ್ತಾರೆ. ಅವರು ಗೌರವ ಕಾರ್ಯದರ್ಶಿಯಾಗಿದ್ದರು. ಕನ್ನಡ ನಾಡಿನ ಸಂಘ ಸಂಸ್ಥೆಗಳ ಒಳಗುಟ್ಟು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಅಧ್ಯಕ್ಷರು ಸಭೆಯ ಮುಖ; ಕಡತ, ನೇಮಕಾತಿ, ಕಟ್ಟಡ, ಬ್ಯಾಂಕು ಎಲ್ಲ ಕಾರ್ಯದರ್ಶಿಯ ಮೇಜಿನ ಮೇಲೆ. ‘ಗೌರವ’ ಎಂಬ ಪದ ಸಂಬಳವಿಲ್ಲ ಎಂಬುದಕ್ಕೆ ಬಂದದ್ದು, ಅಧಿಕಾರ ಕಡಿಮೆ ಎಂಬುದಕ್ಕಲ್ಲ. ಅಮೆರಿಕದ ಕಂಪನಿಗಳು ಇಬ್ಬರು ಸಿಇಒಗಳನ್ನು ಕೂರಿಸಿ ಪತ್ರಿಕಾ ಹೇಳಿಕೆ ಕೊಡುತ್ತವೆ. ನಮ್ಮಲ್ಲಿ ಅದು ಬೈಲಾದ ಒಂದು ಪುಟದೊಳಗೆ ಸದ್ದಿಲ್ಲದೆ ಕೂತಿರುತ್ತದೆ. ಎಷ್ಟೋ ಸಂಘಗಳಲ್ಲಿ ಚೆಕ್ಕಿಗೆ ಎರಡು ಸಹಿ. ಗ್ರಾಮ ಪಂಚಾಯಿತಿಯ ಚೆಕ್ಕೂ ಹಾಗೇ, ಅಧ್ಯಕ್ಷರದು ಒಂದು, ಪಿಡಿಒ ಅವರದು ಇನ್ನೊಂದು. ಒಬ್ಬರು ಊರಿನಲ್ಲಿ ಇಲ್ಲದ ದಿನ ಕೆಲಸ ನಿಲ್ಲುತ್ತದೆ ಎಂದು ಜನ ಗೊಣಗುತ್ತಾರೆ. ಗೊಣಗುವುದರಲ್ಲಿ ನ್ಯಾಯವೂ ಇದೆ. ಆದರೆ ಎರಡನೆಯ ಸಹಿಗೆ ಕಾಯುವ ಆ ಅರ್ಧ ದಿನದಲ್ಲಿ ಎಷ್ಟು ಕೆಟ್ಟ ಚೆಕ್ಕುಗಳು ಹುಟ್ಟದೆ ಉಳಿದವು ಎಂಬುದರ ಲೆಕ್ಕವನ್ನು ಯಾರೂ ಇಟ್ಟಿಲ್ಲ.

ಸಂಬಳದ ಜೋಡಿಗಳ ಕಥೆಗೆ ಬೆಂಗಳೂರಿಗೆ ಹೋಗಬೇಕು. 2008ರ ಏಪ್ರಿಲ್‌ನಲ್ಲಿ ವಿಪ್ರೊ ತನ್ನ ಐಟಿ ವ್ಯವಹಾರಕ್ಕೆ ಗಿರೀಶ್ ಪರಾಂಜಪೆ ಮತ್ತು ಸುರೇಶ್ ವಾಸ್ವಾನಿ ಇಬ್ಬರನ್ನೂ ಜಂಟಿ ಸಿಇಒ ಎಂದು ಹೆಸರಿಸಿತು. ಮೇಲೆ ಅಧ್ಯಕ್ಷರಾಗಿ ಅಜೀಂ ಪ್ರೇಮ್‌ಜಿ. ಗ್ರಾಹಕ ಉದ್ಯಮಗಳನ್ನು ಇಬ್ಬರಿಗೂ ಹಂಚಿಕೊಡಲಾಯಿತು. ಅವರು ಕೂತ ಕೆಲವೇ ತಿಂಗಳಲ್ಲಿ ಅಮೆರಿಕದ ಲೇಮನ್ ಬ್ರದರ್ಸ್ ಬ್ಯಾಂಕು ಬಿತ್ತು, ಜಗತ್ತಿನ ಹಣಕಾಸು ಅಲುಗಾಡಿತು. (ಅಲ್ಲೂ ಒಂದು ‘ಬ್ರದರ್ಸ್’. ಸೋದರರು ಹೋಗಿ ಹೆಸರು ಮಾತ್ರ ಉಳಿದಿದ್ದ ಕಂಪನಿ ಅದು.) 2011ರ ಜನವರಿಯಲ್ಲಿ ಇಬ್ಬರೂ ಕೆಳಗಿಳಿದರು, ಟಿ.ಕೆ. ಕುರಿಯನ್ ಒಬ್ಬರೇ ಸಿಇ‌ಒ ಆದರು. ಕಷ್ಟಕಾಲವನ್ನು ದಾಟಲು ಜೋಡಿ ವ್ಯವಸ್ಥೆ ನೆರವಾಯಿತು, ಈಗ ಕಾಲ ಬದಲಾಗಿದೆ, ಸರಳ ರಚನೆ ಬೇಕು ಎಂಬುದು ಪ್ರೇಮ್‌ಜಿ ಕೊಟ್ಟ ವಿವರಣೆಯ ಸಾರ.

ಇದನ್ನು ಜರ್ಮನಿಯ ಸ್ಯಾಪ್ ಕಂಪನಿಯ ಪಕ್ಕದಲ್ಲಿಟ್ಟು ನೋಡಿದರೆ ಮಜಾ ಇದೆ. ಅಲ್ಲಿ 2010ರಿಂದ 2014ರವರೆಗೆ ಬಿಲ್ ಮೆಕ್‌ಡರ್ಮಟ್ ಮತ್ತು ಜಿಮ್ ಸ್ನಾಬೆ ಜೋಡಿ ನಡೆಯಿತು. 2019ರ ಅಕ್ಟೋಬರಿನಲ್ಲಿ ಜೆನಿಫರ್ ಮಾರ್ಗನ್ ಮತ್ತು ಕ್ರಿಸ್ಟಿಯಾನ್ ಕ್ಲೈನ್ ಬಂದರು. ಆರು ತಿಂಗಳು ತುಂಬುವ ಹೊತ್ತಿಗೆ ಕೊರೊನಾ. ಇಂಥ ಸಂಕಟದಲ್ಲಿ ತ್ವರಿತ ನಿರ್ಧಾರ ಬೇಕು, ಒಬ್ಬರೇ ಇರಲಿ ಎಂದು 2020ರ ಏಪ್ರಿಲ್‌ನಲ್ಲಿ ಮಾರ್ಗನ್ ಅವರನ್ನು ಬೀಳ್ಕೊಟ್ಟರು. ಒಂದು ಕಂಪನಿಗೆ ಸಂಕಟ ಬಂದಾಗ ಇಬ್ಬರು ಬೇಕಾದರು, ಇನ್ನೊಂದಕ್ಕೆ ಸಂಕಟ ಬಂದಾಗ ಇಬ್ಬರು ಹೆಚ್ಚಾದರು. ಕಾರಣ ಹೇಳುವ ಪತ್ರಿಕಾ ಹೇಳಿಕೆಗಳನ್ನು ಎಷ್ಟು ನಂಬಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಿಕ್ಕಿಲ್ಲ.

ಕಿರ್ಲೋಸ್ಕರ್ ಮಾದರಿಗೆ ಹತ್ತಿರದ್ದು ಬ್ಲ್ಯಾಕ್‌ಬೆರಿ ಫೋನು ಮಾಡಿದ ಕೆನಡಾದ ಕಂಪನಿ. ಮೈಕ್ ಲಜಾರಿಡಿಸ್ ಯಂತ್ರದ ಕಡೆ, ಜಿಮ್ ಬಾಲ್ಸಿಲಿ ವ್ಯಾಪಾರದ ಕಡೆ. ಸುಮಾರು ಇಪ್ಪತ್ತು ವರ್ಷ ಜೊತೆಗಿದ್ದು ಕಂಪನಿಯನ್ನು ಜಗತ್ಪ್ರಸಿದ್ಧ ಮಾಡಿದರು. 2007ರಲ್ಲಿ ಐಫೋನ್ ಬಂದ ಮೇಲೆ ಲೆಕ್ಕಾಚಾರ ತಲೆಕೆಳಗಾಯಿತು; 2012ರ ಜನವರಿಯಲ್ಲಿ ಇಬ್ಬರೂ ಒಟ್ಟಿಗೆ ಇಳಿದರು. ಗೆರೆ ಸರಿಯಾಗಿ ಎಳೆದಿದ್ದ ಮಾತ್ರಕ್ಕೆ ಜೋಡಿ ಉಳಿಯುವುದಿಲ್ಲ ಎನ್ನುವುದು ಇಲ್ಲಿ ಕಾಣುತ್ತದೆ. ಹೊರಗಿನಿಂದ ಬರುವ ಬಿರುಗಾಳಿ ಒಳಗಿನ ಗೆರೆಯನ್ನು ಲೆಕ್ಕಕ್ಕೆ ಇಡುವುದಿಲ್ಲ. ನೆಟ್‌ಫ್ಲಿಕ್ಸ್‌ನಲ್ಲಿ ಟೆಡ್ ಸರಂಡೋಸ್ ಚಿತ್ರ ಮತ್ತು ಧಾರಾವಾಹಿಗಳನ್ನೂ ಗ್ರೆಗ್ ಪೀಟರ್ಸ್ ತಂತ್ರಜ್ಞಾನದ ಕಡೆಯನ್ನೂ ನೋಡಿಕೊಂಡು 2023ರಿಂದ ನಡೆಸುತ್ತಿದ್ದಾರೆ.

ನಮ್ಮ ದೇಶದ ಕಾನೂನು ಇತ್ತೀಚೆಗೆ ಬೇರೊಂದು ದಿಕ್ಕಿನಿಂದ ಇದೇ ಜಾಗಕ್ಕೆ ಬಂತು. 2013ರ ಕಂಪನಿ ಕಾಯ್ದೆ ಅಧ್ಯಕ್ಷ ಮತ್ತು ವ್ಯವಸ್ಥಾಪಕ ನಿರ್ದೇಶಕ ಎರಡೂ ಒಬ್ಬರೇ ಆಗಬಾರದು ಎಂದಿತು, ಜೊತೆಗೇ ಕಂಪನಿಯ ನಿಯಮಾವಳಿ ಒಪ್ಪಿದರೆ ಅಡ್ಡಿಯಿಲ್ಲ ಎಂಬ ಹಿಂಬಾಗಿಲನ್ನೂ ಇಟ್ಟಿತು. ಷೇರು ಮಾರುಕಟ್ಟೆಯ ನಿಯಂತ್ರಕ ಸೆಬಿ 2018ರಲ್ಲಿ ಬಿಗಿ ಮಾಡಿತು: ದೊಡ್ಡ 500 ಕಂಪನಿಗಳಲ್ಲಿ 2020ರ ಏಪ್ರಿಲ್‌ನಿಂದ ಎರಡು ಹುದ್ದೆ ಬೇರೆಯಾಗಬೇಕು, ಕೂತವರು ಪರಸ್ಪರ ನೆಂಟರೂ ಆಗಿರಬಾರದು. ಉದ್ಯಮಿಗಳು ಗೊಣಗಿದರು. ಗಡುವು 2022ಕ್ಕೆ ಹೋಯಿತು. 2022ರ ಫೆಬ್ರುವರಿಯಲ್ಲಿ ನಿಯಮ ಐಚ್ಛಿಕವಾಯಿತು. ಕಡ್ಡಾಯವಾಗಿದ್ದರೆ ನಮ್ಮ ದೇಶದ ಹಳೆಯ ಜೋಡಿಗಳಾದ ಅಪ್ಪ ಮಗ, ಅಣ್ಣ ತಮ್ಮಂದಿರಲ್ಲಿ ಒಬ್ಬರು ಎದ್ದು ಹೋಗಬೇಕಾಗುತ್ತಿತ್ತು. ಸೆಬಿಗೆ ಬೇಕಿದ್ದದ್ದು ಒಬ್ಬರ ಮೇಲೆ ಇನ್ನೊಬ್ಬರ ಕಣ್ಣು. ಅಣ್ಣ ತಮ್ಮಂದಿರ ನಡುವೆ ಕಣ್ಣು ಇರುವುದಿಲ್ಲ ಎಂಬ ಅದರ ಊಹೆಯನ್ನು ಆಸ್ತಿ ಪಾಲಿನ ವ್ಯಾಜ್ಯ ಕಂಡ ಯಾವ ಊರಿನವರೂ ಒಪ್ಪಲಾರರು.

ಕಿರ್ಲೋಸ್ಕರ್ ಮನೆಯಲ್ಲೂ ಅಂಥ ವ್ಯಾಜ್ಯ ಬಂತು. ಶಂತನುರಾವ್ ಅವರ ಇಬ್ಬರು ಮಕ್ಕಳಾದ ಶ್ರೀಕಾಂತ್ ಮತ್ತು ಚಂದ್ರಕಾಂತ್ ತಂದೆಗಿಂತ ಮೊದಲೇ ತೀರಿಕೊಂಡರು. ಉದ್ಯಮಗಳು ಮೊಮ್ಮಕ್ಕಳ ಕೈಗೆ ಬಂದವು. 2009ರಲ್ಲಿ ಬರೆದುಕೊಂಡ ಕುಟುಂಬ ಒಪ್ಪಂದದ ಅರ್ಥವೇನು ಎಂಬುದರ ಮೇಲೆ ಸಂಜಯ್ ಒಂದು ಕಡೆ, ಅತುಲ್ ಮತ್ತು ರಾಹುಲ್ ಇನ್ನೊಂದು ಕಡೆ ನಿಂತು ನ್ಯಾಯಾಲಯ ಹತ್ತಿದರು. 2021ರಲ್ಲಿ ಸುಪ್ರೀಂ ಕೋರ್ಟ್ ಸಂಧಾನದ ಮಾತನ್ನಾಡಿತು. ಸೈಕಲ್ ಅಂಗಡಿಯ ಅಣ್ಣ ತಮ್ಮಂದಿರ ನಡುವೆ ಯಾವ ಒಪ್ಪಂದದ ಕಾಗದವಿತ್ತು ಎಂದು ಯಾರೂ ಕೇಳಿದ್ದಿಲ್ಲ. ಮರಿಮಕ್ಕಳ ಕಾಲಕ್ಕೆ ಕಾಗದವಿದ್ದೂ ಸಾಲಲಿಲ್ಲ. ಇದರಲ್ಲಿ ಯಾರ ಪಕ್ಷ ಸರಿ ಎಂದು ಹೇಳುವುದು ಈ ಲೇಖನದ ಕೆಲಸವಲ್ಲ.

ಹರಿಹರದ ಕಾರ್ಖಾನೆ ಆ ಜಗಳಕ್ಕೆ ಸಿಗಲಿಲ್ಲ, ಅದಕ್ಕೂ ಮೊದಲೇ ಮುಗಿದಿತ್ತು. 1991ರ ನಂತರ ಆಮದಿಗೆ ಬಾಗಿಲು ತೆರೆಯಿತು, ಕಂಪ್ಯೂಟರ್ ನಿಯಂತ್ರಿತ ಯಂತ್ರಗಳು ಬಂದವು, ಕೈಯಿಂದ ನಡೆಸುವ ಲೇತಿನ ಮಾರುಕಟ್ಟೆ ಕುಗ್ಗಿತು. ಹೊಸ ಶತಮಾನದ ಹೊಸ್ತಿಲಲ್ಲಿ ಮೈಸೂರು ಕಿರ್ಲೋಸ್ಕರ್ ಬಾಗಿಲು ಹಾಕಿ ಸಮಾಪನೆಗೆ ಹೋಯಿತು. ಆ ಸಂಬಳದಲ್ಲಿ ಮಕ್ಕಳನ್ನು ದಾವಣಗೆರೆಯ ಕಾಲೇಜುಗಳಲ್ಲಿ ಓದಿಸಿದ್ದ ಮನೆಗಳಿಗೆ ಅದು ಏನಾಗಿತ್ತು ಎಂಬುದನ್ನು ಆ ಮನೆಯವರೇ ಹೇಳಬೇಕು. ಮೇಲೆ ಒಬ್ಬರಿದ್ದರೋ ಇಬ್ಬರಿದ್ದರೋ ಎಂಬುದು ಆ ಹೊತ್ತಿಗೆ ಶಾಪ್ ಫ್ಲೋರಿನಲ್ಲಿ ನಿಂತವರಿಗೆ ದೊಡ್ಡ ವಿಷಯವಾಗಿರಲಿಲ್ಲ.

ಕಾರ್ಖಾನೆ ನಿಂತರೂ ಯಂತ್ರಗಳು ನಿಂತಿಲ್ಲ. ಎಂಟರ್‌ಪ್ರೈಸ್, ಟರ್ನ್‌ಮಾಸ್ಟರ್ ಹೆಸರಿನ ಹರಿಹರದ ಲೇತುಗಳು ದೇಶದ ಹಳೇ ಯಂತ್ರಗಳ ಬಜಾರಿನಲ್ಲಿ ಈಗಲೂ ಕೈ ಬದಲಾಯಿಸುತ್ತವೆ. ಕೊಳ್ಳಲು ಬಂದವರು ಮೊದಲು ಬೆಡ್ಡಿನ ಮೇಲೆ ಕೈಯಾಡಿಸಿ ಸವೆತ ನೋಡುತ್ತಾರೆ. ಆಮೇಲೆ ಎರಡು ಮೊನೆಗಳ ನಡುವೆ ಟೆಸ್ಟ್ ಬಾರ್ ಹಿಡಿದು, ಡಯಲ್ ಗೇಜು ಕೂರಿಸಿ, ಹೆಡ್‌ಸ್ಟಾಕಿನ ಕಡೆಯಿಂದ ಟೇಲ್‌ಸ್ಟಾಕಿನ ಕಡೆಗೆ ನಿಧಾನ ಸರಿಸುತ್ತಾ ಹೋಗುತ್ತಾರೆ. ಮುಳ್ಳು ಅಲುಗದಿದ್ದರೆ ದರದ ಮಾತು ಶುರುವಾಗುತ್ತದೆ.